ತಾರೀಖು ಬರುವ ತನಕ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಮಾತ್ರೆ ಮುಗಿಯಿತು. ಡಬ್ಬಿಯನ್ನು ಇವಳು ಅಲ್ಲಾಡಿಸಿ ನೋಡಿದಳು. ನಾನೂ ಇಸಿದುಕೊಂಡು ಅಲ್ಲಾಡಿಸಿದೆ, ಗಂಡಸು ಅಲ್ಲಾಡಿಸಿದರೆ ಒಂದಾದರೂ ಉದುರೀತು ಎನ್ನುವ ಹಾಗೆ.

ತಪ್ಪು ಯಾರದೆಂದು ಬರೆದಿಟ್ಟರೆ ಮನಸ್ಸಿಗೆ ಸಮಾಧಾನ. ಬೆನ್ನಿನ ಆಪರೇಷನ್ ಆದ ಮೇಲೂ ನನ್ನ ಹೆಂಡತಿಯ ಎಡಗಾಲಿನ ನರ ಉರಿಯುವುದು ನಿಂತಿಲ್ಲ. ಡಾಕ್ಟರು ದಿನಕ್ಕೆ ಮೂರು ಮಾತ್ರೆ ಬರೆದರು. ತೀರಾ ತಡೆಯಲಾಗದಿದ್ದರೆ ಇನ್ನೊಂದು ತೆಗೆದುಕೊಳ್ಳಿ ಎಂದೂ ಹೇಳಿದರು, ಆದರೆ ಬಾಯಲ್ಲಿ ಹೇಳಿದರೇ ಹೊರತು ಚೀಟಿಯಲ್ಲಿ ಬರೆಯಲಿಲ್ಲ. ಇವಳು ಕೆಲವು ದಿನ ಇನ್ನೊಂದು ತೆಗೆದುಕೊಂಡಳು. ತಿಂಗಳ ಮಾತ್ರೆ ತಿಂಗಳಿಗೆ ಮುಂಚೆಯೇ ಖಾಲಿ. ಇದು ಕೇಳಿದವರಿಗೆಲ್ಲ ಕೊಡುವ ಮಾತ್ರೆಯಲ್ಲ. ತಿಂಗಳಿಗಾಗುವಷ್ಟು ಎಣಿಸಿ ಕೊಟ್ಟು, ಮುಂದೆ ಯಾವತ್ತು ಸಿಗುತ್ತದೆಂದು ಡಬ್ಬಿಯ ಮೇಲೆ ತಾರೀಖು ಅಂಟಿಸುತ್ತಾರೆ. ನಮ್ಮ ಡಬ್ಬಿಯ ಮೇಲಿರುವುದು ಆರು. ಇವತ್ತು ನಾಲ್ಕು.

ಔಷಧಿ ಅಂಗಡಿಯವನ ಮುಂದೆ ಬಹಳ ಹೊತ್ತು ನಿಂತೆ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮುರಿಯದ ಬಿಳಿ ಕೋಟು. ಅವಳಿಗೆ ಕೂರಲಾಗುತ್ತಿಲ್ಲ, ಮಲಗಲಾಗುತ್ತಿಲ್ಲ, ಎರಡು ದಿನದ್ದಾದರೂ ಕೊಡಿ ಎಂದು ಕೈ ಮುಗಿದೆ. ಅವನು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕೆಂಪು ಗೆರೆ ತೋರಿಸಿದ.

"ಎಲ್ಲರೂ ಹೀಗೇ ಹೇಳ್ತಾರೆ ಸಾರ್. ಇನ್ನೂ ಟೈಮ್ ಆಗಿಲ್ಲ."

ಡಾಕ್ಟರ ಫೋನ್ ಎತ್ತುವವರಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಅವನಿಗೆ ತಾರೀಖಪ್ಪ ಎಂದು ಹೆಸರಿಟ್ಟಿದ್ದೇನೆ. ಮನೆಗೆ ಬಂದು ಇವಳಿಗೆ ಹೇಳಿದರೆ ಅಷ್ಟು ನೋವಿನಲ್ಲೂ ನಕ್ಕಳು.

ಮಾರ್ಚ್ 5

ಟವೆಲ್ ಕಚ್ಚಿಕೊಂಡು ಮಲಗಿದ್ದಾಳೆ. ಮೈಯೆಲ್ಲ ಬೆವರು, ನಡುಕ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದಂತೆ, ಅದನ್ನೂ ಬಾಯಲ್ಲೇ ಹೇಳಿದ್ದರು. ಕಾಲು ಕತ್ತರಿಸಿಬಿಡ್ರೀ ಎನ್ನುತ್ತಾಳೆ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 6

ಅಂಗಡಿಯ ಶಟರ್ ಎತ್ತುವ ಮುಂಚೆಯೇ ಹೋಗಿ ನಿಂತಿದ್ದೆ. ತಾರೀಖಪ್ಪ ನನ್ನನ್ನು ನೋಡಿ ನಕ್ಕು, ಈಗ ಟೈಮ್ ಆಯ್ತು ನೋಡಿ ಎಂದ. ಮೋರೆಗೆ ಗುದ್ದಬೇಕೆನಿಸಿತು. ಥ್ಯಾಂಕ್ಸ್ ಎಂದೆ.

ಮಾತ್ರೆ ನುಂಗಿದ ಮೇಲೆ ಇವಳು ಬಾಯಿ ತೆರೆದುಕೊಂಡು ಮಗುವಿನ ಹಾಗೆ ನಿದ್ದೆ ಹೋದಳು. ಪಕ್ಕದಲ್ಲಿ ಕೂತು ತಲೆ ಸವರುತ್ತಾ ಶಪಥ ಮಾಡಿದೆ: ಇನ್ನೊಂದು ಸಲ ಈ ಮನೆಯಲ್ಲಿ ಮಾತ್ರೆ ಇಲ್ಲ ಎನ್ನುವ ದಿನ ಬರಕೂಡದು.

ನನಗಿದು ದೊಡ್ಡ ಕೆಲಸವಲ್ಲ. ಪಂಪು ತಯಾರಿಸುವ ಫ್ಯಾಕ್ಟರಿಯ ಸ್ಟೋರ್ಸು ನನ್ನ ಕೈಲಿದೆ. ಬೇರಿಂಗ್ ಇಲ್ಲ ಎಂದು ಅಲ್ಲಿ ಇವತ್ತಿನ ತನಕ ಒಂದು ಯಂತ್ರವೂ ನಿಂತಿಲ್ಲ. ಗುಟ್ಟು ಇಷ್ಟೇ: ಕಪಾಟಿನಲ್ಲಿ ಕಾಣುವ ಸರಕಿನ ಹಿಂದೆ, ಯಾರಿಗೂ ಹೇಳದ ಸರಕು ಸ್ವಲ್ಪ ಇರಬೇಕು. ಫಿಟ್ಟರು ಹತ್ತು ಕೇಳಿದರೆ ಎಂಟು ಕೊಡು. ಗೊಣಗುತ್ತಾನೆ, ಎಂಟರಲ್ಲೇ ಕೆಲಸ ಮುಗಿಸುತ್ತಾನೆ. ಬೆನ್ನ ಹಿಂದೆ ಅವರು ನನ್ನನ್ನು ಇಲ್ಲಪ್ಪ ಎಂದು ಕರೆಯುತ್ತಾರೆಂದು ಗೊತ್ತು. ಕರೆಯಲಿ.

ಮಾರ್ಚ್ 9, ಭಾನುವಾರ

ಡಬ್ಬಿ ಈಗ ಬೀರುವಿನಲ್ಲಿದೆ, ಬೀಗದ ಕೈ ನನ್ನ ಸೊಂಟದ ಗೊಂಚಲಲ್ಲಿ. ಇವಳಿಗೆ ಇದು ತಮಾಷೆ. "ಸ್ಟೋರ್ಸ್ ಸಾಹೇಬ್ರೇ, ಬಡವಿಗೆ ಒಂದು ಮಾತ್ರೆ ದಯಪಾಲಿಸಿ" ಎಂದು ಕೈ ಒಡ್ಡುತ್ತಾಳೆ. ಮೂರು ಹೊತ್ತೂ ನಾನೇ ಕೊಡುತ್ತೇನೆ. ಫ್ಯಾಕ್ಟರಿ ಹತ್ತಿರವೇ, ಮಧ್ಯಾಹ್ನ ಊಟಕ್ಕೆ ಹೇಗೂ ಬರುತ್ತೇನೆ.

ಮಧ್ಯಾಹ್ನದ್ದನ್ನು ಇವತ್ತಿನಿಂದ ಪುಡಿ ಮಾಡಿ ಚಮಚದಲ್ಲಿ ಜೇನುತುಪ್ಪದ ಜೊತೆ ಕೊಡುತ್ತಿದ್ದೇನೆ. ಗಂಟಲಿಗೆ ಸುಲಭ ಎಂದೆ. ನಿಮ್ಮಂಥ ಗಂಡ ಯಾರಿಗೆ ಸಿಗ್ತಾರೆ ಎಂದು ಕಣ್ಣು ಮುಚ್ಚಿ ನುಂಗಿದಳು. ಪುಡಿ ಮಾಡಿದ್ದು ಅರ್ಧ. ಇನ್ನರ್ಧ ಬಿಸ್ಕತ್ತಿನ ಟಿನ್ನಿಗೆ. ಅವಳದ್ದೇ ಮಾತ್ರೆ, ಅವಳಿಗೇ ಉಳಿಸುತ್ತಿರುವುದು. ಹನಿ ಹನಿ ಕೂಡಿದರೆ ಹಳ್ಳ.

ಮಾರ್ಚ್ 21

ಮಧ್ಯಾಹ್ನದ ಮಾತ್ರೆ ಸಂಜೆ ತನಕ ಹಿಡಿಯೋದೇ ಇಲ್ಲ ಕಣ್ರೀ ಎನ್ನುತ್ತಿದ್ದಾಳೆ. ಶಾಲೆಯ ಯೂನಿಫಾರ್ಮ್ ಹೊಲಿದುಕೊಡುವ ಕೆಲಸ ಒಪ್ಪಿಕೊಂಡಿದ್ದಳು, ಕತ್ತರಿಸಿದ ಬಟ್ಟೆ ಮಷಿನ್ ಮೇಲೆ ಹಾಗೇ ಬಿದ್ದಿದೆ. ಪೆಡಲ್ ತುಳಿಯಲಾಗುವುದಿಲ್ಲವಂತೆ. ಮೈಗೆ ಮಾತ್ರೆ ಅಭ್ಯಾಸವಾಗಿರಬೇಕು, ಸ್ವಲ್ಪ ತಾಳ್ಮೆ ಬೇಕು ಎಂದು ಹೇಳಿದೆ. ತಾಳಿದವನು ಬಾಳಿಯಾನು.

ಸಂಜೆ, ಹೊತ್ತಿಗೆ ಮುಂಚೆಯೇ ಮಾತ್ರೆ ಕೇಳಿದಳು. ಫ್ಯಾಕ್ಟರಿಯಲ್ಲಿ ಸವೆದ ಬೇರಿಂಗ್ ತಂದು ತೋರಿಸದೆ ಹೊಸದು ಕೊಡುವುದಿಲ್ಲ. ಅದೇ ಯೋಚನೆ ಬಂದು, ಎಲ್ಲಿ ನೋವು, ಸರಿಯಾಗಿ ಹೇಳು ಎಂದೆ. ಹೇಳಿದಳು. ಬಾಯಿಬಿಟ್ಟು ಹೇಳಿದರೆ ನಿಜವಾಗಿ ಎಷ್ಟು ನೋವಿದೆ ಎಂದು ಅವಳಿಗೇ ತಿಳಿಯುತ್ತದೆ. ಸುಮ್ಮನೆ ಕೇಳುವುದು ತಪ್ಪುತ್ತದೆ. ಇದನ್ನೇ ಪದ್ಧತಿ ಮಾಡಬೇಕು.

ಏಪ್ರಿಲ್ 5, ಶನಿವಾರ

ತಾರೀಖಿನ ದಿನ. ಆತುರವಿಲ್ಲದೆ, ಸಾವಕಾಶವಾಗಿ ಕಾಫಿ ಕುಡಿದು ಹೋದೆ. ತಿಂಗಳ ಹಿಂದೆ ಭಿಕ್ಷುಕನ ಹಾಗೆ ನಿಂತ ಜಾಗದಲ್ಲೇ ಇವತ್ತು ಕಿಸೆಗೆ ಕೈ ಹಾಕಿಕೊಂಡು ನಿಂತಿದ್ದೆ. ನನ್ನ ಮುಂದಿದ್ದ ಮುದುಕಿ, ಮಾತ್ರೆ ಸಿಂಕಿನಲ್ಲಿ ಬಿದ್ದುಹೋಯಿತು ಎಂದು ಗೋಗರೆಯುತ್ತಿದ್ದಳು. ತಾರೀಖಪ್ಪ ಕೊಡಲಿಲ್ಲ. ಅವಳು ಹೋದ ಮೇಲೆ ನನ್ನ ಕಡೆ ನೋಡಿ, "ಇವರ ಮಾತ್ರೆ ಎಲ್ಲ ಸಿಂಕಿಗೇ ಬೀಳುತ್ತೆ ಸಾರ್, ಸಿಂಕಿಗೇನು ಕಾಲು ನೋವಾ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನ ಕೆಲಸವೂ ಕಷ್ಟದ್ದೇ. ನಾನೇ ಅವನನ್ನು ತಪ್ಪು ತಿಳಿದಿದ್ದೆ.

ಡಬ್ಬಿ ಕೊಡುವ ಮುಂಚೆ, ಮನೆಯಲ್ಲಿ ಏನಾದರೂ ಉಳಿದಿದೆಯೇ ಎಂದು ಕೇಳಿದ. ಉಳಿದಿದ್ದರೆ ಅದು ಮುಗಿಯುವ ತನಕ ಹೊಸದು ಕೊಡುವಂತಿಲ್ಲವಂತೆ. ಒಂದೂ ಇಲ್ಲ ಎಂದೆ.

ಏಪ್ರಿಲ್ 19

ನಾದಿನಿ ಬಂದಿದ್ದಳು. ಇವಳ ತಂಗಿ, ಮನೆಯಲ್ಲಿ ಎಲ್ಲರೂ ಪುಟ್ಟಿ ಎನ್ನುವುದು, ಮೂವತ್ತೆಂಟು ವರ್ಷದ ಪುಟ್ಟಿ. ಕಾರು ಓಡಿಸುವುದನ್ನು ಕಲಿಸುವ ಶಾಲೆ ಇಟ್ಟಿದ್ದಾಳೆ, ಹಾಗಾಗಿ ಎಲ್ಲರ ಪಕ್ಕದಲ್ಲೂ ತನಗೊಂದು ಬ್ರೇಕ್ ಇದೆ ಎಂದುಕೊಂಡಿದ್ದಾಳೆ. ಬಾಗಿಲಲ್ಲೇ, ಅಕ್ಕ ಏನು ಹೀಗೆ ಇಳಿದುಹೋಗಿದ್ದಾಳೆ ಭಾವ ಎಂದಳು. ಆಪರೇಷನ್ ಆದವರು ಉಬ್ಬುತ್ತಾರಾ ಎಂದೆ.

ನಾನು ಟೀ ಮಾಡುತ್ತಿರುವಾಗ ಒಳಗೆ ಪಿಸುಪಿಸು. ಆಮೇಲೆ ನಾದಿನಿ ಅಡುಗೆಮನೆಗೆ ಬಂದು, ಅಕ್ಕ ಒಂದು ಮಾತ್ರೆ ಕೇಳ್ತಿದ್ದಾಳೆ, ನನ್ನ ಕೈಲಿ ಕೇಳಿಸ್ತಿದ್ದಾಳೆ, ಯಾಕೆ ಎಂದಳು. ಇನ್ನೂ ಟೈಮ್ ಆಗಿಲ್ಲ ಎಂದೆ. ಒಂದು ಗಂಟೆ ಹಿಂದೆ ಮುಂದೆ ಆದರೆ ಏನಾಗುತ್ತದೆ ಎಂದು ವಾದ ಮಾಡಿದಳು. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಟೀ ಸೋಸಿದೆ.

ಅವಳು ಹೋದ ಮೇಲೆ ಇವಳಿಗೆ ಹೇಳಬೇಕಾದ್ದನ್ನು ಹೇಳಿದೆ. ಮನೆಯ ಮಾತನ್ನು ಹೊರಗಿನವರ ಮುಂದೆ ಹರವಿದರೆ ನನಗೇನು ಮರ್ಯಾದೆ ಉಳಿಯಿತು? ಅವಳು ನನ್ನ ತಂಗಿ ಎಂದಳು. ಇರಬಹುದು, ಬೀಗ ಇರುವುದು ನನ್ನ ಹತ್ತಿರ ಎಂದೆ. ಸ್ವಲ್ಪ ಒರಟಾಯಿತೇನೋ. ಆದರೆ ನಿಜ.

ಏಪ್ರಿಲ್ 27

ಬೆಳಗಿನದ್ದನ್ನೂ ಅರ್ಧ ಮಾಡಿದ್ದೇನೆ. ಟಿನ್ನಿನ ತಳ ಈಗ ಕಾಣುವುದಿಲ್ಲ. ಕೆಲಸದಲ್ಲಿ ಬೇಸರವಾದಾಗ ಅದನ್ನು ನೆನೆದರೆ ಮನಸ್ಸು ತಂಪಾಗುತ್ತದೆ.

ಇವತ್ತು ಇವಳು ಕೂಗಾಡಿದಳು. ನಾನು ಪೇಪರ್ ಓದುತ್ತಿದ್ದೆ. ಮಾತ್ರೆಯ ಹೊತ್ತಾಗಿತ್ತು ನಿಜ, ಪುಟ ಮುಗಿಸಿ ಏಳೋಣವೆಂದಿದ್ದೆ. ಅಷ್ಟರಲ್ಲಿ ಮಂಚದ ಪಕ್ಕದ ಲೋಟ ಎತ್ತಿ ಎಸೆದಳು. ಗಾಜೆಲ್ಲ ಗುಡಿಸಿ, ನೆಲ ಒರೆಸಿ, ಕೈ ತೊಳೆದು, ಮತ್ತೆ ಪೇಪರ್ ಹಿಡಿದೆ. ಕೂಗಾಡಿದವರಿಗೆ ಬೇಗ ಸಿಗುತ್ತದೆ ಎಂದಾದರೆ ನಾಳೆ ಕಿಟಕಿ ಗಾಜು ಒಡೆಯುತ್ತಾಳೆ. ಎರಡನೇ ಪುಟ ಮುಗಿಯುವ ಹೊತ್ತಿಗೆ ದನಿ ಸಣ್ಣಗಾಯಿತು. ತಪ್ಪಾಯ್ತು ಎಂದಳು. ತಕ್ಷಣ ಎದ್ದು ಕೊಟ್ಟೆ. ನಾನೇನು ಕಲ್ಲಲ್ಲ.

ಮೇ 2, ಶುಕ್ರವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ನೋವು ಹೇಗಿದೆ ಎಂದು ಇವಳನ್ನು ಕೇಳಿದರು. ಇವಳು ನನ್ನ ಮುಖ ನೋಡಿ, ಪರವಾಗಿಲ್ಲ ಎಂದಳು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದರು. ಇವರೇ ಕೊಡ್ತಾರೆ ಎಂದಳು. ಡಾಕ್ಟರಿಗೆ ಬಹಳ ಸಂತೋಷವಾಯಿತು, ಎಲ್ಲ ರೋಗಿಗಳಿಗೂ ಇಂಥ ಗಂಡ ಇರಬೇಕು ಎಂದರು. ನಾಚಿಕೆಯಾಯಿತು.

ಈಚೆಗೆ ಮನೆ ಶಾಂತವಾಗಿದೆ. ತಮಾಷೆ ಇಲ್ಲ, ತಕರಾರಿಲ್ಲ. ಹೊತ್ತಿಗೆ ಸರಿಯಾಗಿ ಕೈ ಒಡ್ಡುತ್ತಾಳೆ, ಎಲ್ಲಿ ನೋವು ಎಂದು ನಾನು ಕೇಳುವ ಮೊದಲೇ ಹೇಳುತ್ತಾಳೆ. ಒಂದು ಪದ್ಧತಿಗೆ ಒಗ್ಗಿಕೊಂಡರೆ ಎಲ್ಲರಿಗೂ ಸುಖ.

ಮೇ 5

ಹೊಸ ಡಬ್ಬಿ ತಂದೆ. ಇವತ್ತು ಏನೋ ಉತ್ಸಾಹ. ಇವಳನ್ನು ಖುಷಿಪಡಿಸಬೇಕೆನಿಸಿತು. ಇಷ್ಟು ದಿನ ಗುಟ್ಟಾಗಿಟ್ಟಿದ್ದ ಟಿನ್ನನ್ನು ಬೀರುವಿನಿಂದ ತೆಗೆದು ಹಾಸಿಗೆಯ ಮೇಲಿಟ್ಟು ಮುಚ್ಚಳ ತೆಗೆದೆ. ನೋಡು, ಇನ್ನು ಆ ತಾರೀಖಪ್ಪ ಸತ್ತರೂ, ಅಂಗಡಿಗೆ ಬೆಂಕಿ ಬಿದ್ದರೂ ನಮಗೆ ಚಿಂತೆಯಿಲ್ಲ, ಮಾರ್ಚಿನ ಆ ಎರಡು ದಿನ ನಿನಗೆ ಮತ್ತೆ ಬರುವುದಿಲ್ಲ ಎಂದೆ. ಹೇಗೆ ಉಳಿಸಿದೆ ಎಂದೂ ಹೇಳಿದೆ. ನನ್ನ ದನಿ ಸ್ವಲ್ಪ ನಡುಗಿತು, ಇಷ್ಟು ದಿನದ ಶ್ರಮವಲ್ಲವೇ.

ಇವಳು ಟಿನ್ನಿನೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಿದಳು. ಎಲ್ಲ ಅರ್ಧರ್ಧ.

"ಇದೆಲ್ಲಾ ನಂದಾ?" ಎಂದಳು.

ನಿನ್ನದೇ ಮತ್ತೆ, ನಾನೇನು ತಿನ್ನಲಿಕ್ಕಾ ಎಂದು ನಕ್ಕೆ. ಅವಳು ನಗಲಿಲ್ಲ. ಹಿಡಿಯಲ್ಲಿದ್ದದ್ದನ್ನು ಬಿಡಲೂ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿ ನಾನೇ ವಾಪಸ್ ಹಾಕಬೇಕಾಯಿತು. ಉಪಕಾರಕ್ಕೆ ಕಾಲವಲ್ಲ.

ಮೇ 7

ನಾದಿನಿ ಕಾರು ತಂದು ಇವಳನ್ನು ಕರೆದುಕೊಂಡು ಹೋದಳು. ಫ್ಯಾಕ್ಟರಿಯಿಂದ ಊಟಕ್ಕೆ ಬಂದರೆ ಚೀಲ ಕಟ್ಟಿಕೊಂಡು ಕೂತಿದ್ದಾರೆ. ಒಂದು ಮಾತು ಕೇಳಲಿಲ್ಲ, ಹೇಳಲಿಲ್ಲ. ನಾದಿನಿ ಮಾತ್ರ, ಮಾತ್ರೆ ಕೊಡಿ ಭಾವ ಎಂದಳು. ಈ ತಿಂಗಳ ಡಬ್ಬಿ ಕೊಟ್ಟೆ. ಟಿನ್ನು ಕೊಡಲಿಲ್ಲ. ಉಳಿಕೆ ಸರಕು ಸ್ಟೋರ್ಸಿನಿಂದ ಹೊರಗೆ ಹೋಗುವಂತಿಲ್ಲ. ಇವರ ಕೈಯಲ್ಲಿ ಅದು ಒಂದು ವಾರವೂ ಬಾಳುವುದಿಲ್ಲ.

ಮೇ 8

ಬೆಳಿಗ್ಗೆ ಅಭ್ಯಾಸಬಲದಿಂದ ಬೀರು ತೆರೆದೆ. ಕೈ ಒಡ್ಡುವವರು ಯಾರೂ ಇಲ್ಲ.

ಮೇ 24

ಮನಸ್ಸು ತಡೆಯದೆ ನಾದಿನಿಯ ಮನೆಗೆ ಹೋದೆ. ಒಳಗೆ ಹೋಗುವ ಮೊದಲೇ ಕಿಟಕಿಯಿಂದ ಕಂಡಿತು: ಇವಳು ಕುರ್ಚಿಯಲ್ಲಿ ಕೂತು ಹೊಲಿಯುತ್ತಿದ್ದಾಳೆ, ಅದೂ ನಗುತ್ತಾ. ಯಾವನೋ ಡ್ರೈವಿಂಗ್ ಕಲಿಯುವವನು ತಂಗಿಯ ಕಾರನ್ನು ಹಿಂದಕ್ಕೆ ಬಿಟ್ಟು ಹೂಕುಂಡ ಒಡೆದ ಕಥೆ ನಡೆಯುತ್ತಿತ್ತು. ನಾನು ಒಳಗೆ ಕಾಲಿಟ್ಟೆ, ನಗು ನಿಂತಿತು. ಇವಳ ಕೈ ತಾನಾಗಿಯೇ ಮಡಿಲಲ್ಲಿ ಬಂದು ಕೂತಿತು.

ಏನು ಔಷಧಿ ಬದಲಾಯಿಸಿದರಾ ಎಂದು ನಾದಿನಿಯನ್ನು ಕೇಳಿದೆ.

"ಬರೆದಷ್ಟು ಪೂರ್ತಿ ಕೊಟ್ಟೆ ಭಾವ. ಅಷ್ಟೇ ಮಾಡಿದ್ದು."

ಎಷ್ಟು ಸಲೀಸಾಗಿ ಹೇಳಿದಳು. ಎರಡು ತಿಂಗಳು ಮೂರು ಹೊತ್ತು ಚಾಕರಿ ಮಾಡಿದವನು ನಾನು, ಹೆಸರು ನಾದಿನಿಗೆ. ಹಿತ್ತಲ ಗಿಡ ಮದ್ದಲ್ಲ. ಮನೆಗೆ ಯಾವಾಗ ಬರುತ್ತೀ ಎಂದು ಇವಳನ್ನು ಕೇಳಿದರೆ ಸೂಜಿಗೆ ದಾರ ಪೋಣಿಸುತ್ತಾ ಕೂತಳು. ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಅವಳಿಗೆ ನೋವು ಕಡಿಮೆಯಾಗಿದ್ದಕ್ಕಲ್ಲ. ನನ್ನ ಕೈಯಿಂದ ಕಡಿಮೆಯಾಗಲಿಲ್ಲವಲ್ಲ ಎಂದು.

ಜೂನ್ 3, ಮಂಗಳವಾರ

ಅವರ ಡಬ್ಬಿಯ ಮೇಲಿನ ತಾರೀಖು ನಾಳೆ. ಪೂರ್ತಿ ಕೊಡುವವರ ಹತ್ತಿರ ಉಳಿಕೆ ಎಲ್ಲಿಂದ ಬರಬೇಕು, ಇವತ್ತಿಗೆ ಖಾಲಿಯಾಗಿರುತ್ತದೆ.

ಟಿನ್ನು ತೆಗೆದುಕೊಂಡು ತಾರೀಖಪ್ಪನ ಹತ್ತಿರ ಹೋದೆ. ಜನ ಇಲ್ಲದ ಹೊತ್ತು ನೋಡಿಯೇ ಹೋದೆ. ಮುಚ್ಚಳ ತೆಗೆದು, ನಮ್ಮ ಮನೆಯಲ್ಲಿ ಇಷ್ಟು ಉಳಿದಿದೆ, ಹಿಂದೆ ನನಗೇ ಗೊತ್ತಿರಲಿಲ್ಲ, ನಿಮ್ಮ ನಿಯಮ ಮುರಿಯಲು ಮನಸ್ಸಾಗಲಿಲ್ಲ ಎಂದೆ. ಅವನು ಇಣುಕಿ ನೋಡಿ ಹುಬ್ಬೇರಿಸಿದ. ಇಷ್ಟು ವರ್ಷದಲ್ಲಿ ಉಳಿದಿದೆ ಎಂದು ತಾನಾಗಿ ಬಂದು ಹೇಳಿದವರು ನೀವೊಬ್ಬರೇ ಸಾರ್ ಎಂದು ನನ್ನ ಕೈ ಕುಲುಕಿದ. ಕಂಪ್ಯೂಟರಿನಲ್ಲಿ ಅದೇನೋ ಒತ್ತಿದ. ಕೆಂಪು ಗೆರೆ ಬಂತು. ಇವು ಮುಗಿಯುವ ತನಕ ಅಥವಾ ಡಾಕ್ಟರು ಹೊಸದಾಗಿ ಬರೆಯುವ ತನಕ ಈ ಹೆಸರಿಗೆ ಮಾತ್ರೆ ಇಲ್ಲ. ಡಾಕ್ಟರು ರಜೆಯಲ್ಲಿದ್ದಾರೆ, ಮುಂದಿನ ವಾರ ಬರುತ್ತಾರೆ. ಅದು ನನಗೆ ಮೊದಲೇ ಗೊತ್ತಿತ್ತು.

ನಾನು ಒಂದೇ ಒಂದು ಸುಳ್ಳು ಹೇಳಿಲ್ಲ, ಗೊತ್ತಿರಲಿಲ್ಲ ಎಂದದ್ದು ಬಿಟ್ಟರೆ.

ಜೂನ್ 4

ನಾದಿನಿಯ ಫೋನ್. ಬಾಯಿಗೆ ಬಂದಂತೆ ಬೈದಳು. ರಜೆಯಲ್ಲಿರುವ ಡಾಕ್ಟರ ಬದಲಿಗೆ ಕೂತಿರುವವರು, ಇನ್ನೊಬ್ಬರ ರೋಗಿಗೆ ಈ ಮಾತ್ರೆ ಬರೆಯುವುದಿಲ್ಲ, ಮನೆಯಲ್ಲಿರುವುದನ್ನು ಬಳಸಿ ಎಂದರಂತೆ. ಮಧ್ಯಾಹ್ನದಿಂದ ಅಕ್ಕನಿಗೆ ನಡುಕ ಶುರುವಾಗಿದೆ, ಟಿನ್ನು ತೆಗೆದುಕೊಂಡು ಹೋಗಲು ಈಗಲೇ ಬರುತ್ತೇನೆ ಎಂದಳು. ನೀನು ಬರಬೇಡ, ಯಾರಿಗೆ ನೋವೋ ಅವರು ಬರಲಿ ಎಂದೆ. ಮೂರು ಮಹಡಿ ಹತ್ತಿ ಹೇಗೆ ಬರ್ತಾಳೆ ಭಾವ ಎಂದಳು. ಇಳಿದು ಹೋದದ್ದು ಹೇಗೋ ಹಾಗೆ.

ಫೋನ್ ಇಟ್ಟು ಮನೆ ಗುಡಿಸಿದೆ. ಅವಳ ಹಾಸಿಗೆಗೆ ಒಗೆದ ಹೊದಿಕೆ ಹಾಕಿದೆ. ಅಡುಗೆ ಕಟ್ಟೆ ಒರೆಸಿದೆ.

ಜೂನ್ 5, ಗುರುವಾರ

ಬಂದಳು.

ಬೆಳಿಗ್ಗೆಯೇ ಕೆಳಗೆ ಕಾರು ನಿಂತ ಸದ್ದಾಯಿತು. ನಾನು ಬಾಗಿಲು ತೆರೆದುಕೊಂಡು ನಿಂತೆ, ಇಳಿದು ಹೋಗಲಿಲ್ಲ. ತಿರುವು ತಿರುವಿಗೂ ನಿಂತು, ಕಂಬಿ ಹಿಡಿದು, ತಂಗಿಯ ಹೆಗಲಿಗೆ ಜೋತು, ಎಷ್ಟೋ ಹೊತ್ತಿಗೆ ಮೇಲೆ ಬಂದಳು. ಮುಖ ಬಿಳಿಚಿಕೊಂಡಿತ್ತು, ತುಟಿ ಕಚ್ಚಿ ಗಾಯವಾಗಿತ್ತು. ನಾದಿನಿ ಒಳಗೆ ನುಗ್ಗಲು ಬಂದಳು, ಕೈ ಅಡ್ಡ ಹಿಡಿದೆ. ಟಿನ್ನು ನನ್ನ ಬಗಲಲ್ಲೇ ಇತ್ತು.

ನಾನು ಏನೂ ಕೇಳಲಿಲ್ಲ. ಇವಳೇ ಹೊಸ್ತಿಲಲ್ಲಿ ನಿಂತು ಕೈ ಒಡ್ಡಿ ಹೇಳಿದಳು: "ಸೊಂಟದಿಂದ ಕೆಳಗೆ, ಎಡಗಾಲು. ಹಿಮ್ಮಡಿ ಉರೀತಿದೆ. ಹೇಳದೆ ಹೋದದ್ದು ತಪ್ಪಾಯ್ತು."

ಆ ಮಾತು ಕೇಳಿ ನನ್ನ ಕಣ್ಣು ತುಂಬಿತು. ಇಷ್ಟು ದಿನದ ಸಿಟ್ಟೆಲ್ಲ ಇಳಿದುಹೋಯಿತು. ಮುಚ್ಚಳ ತೆಗೆದು ಒಂದು ಅರ್ಧವನ್ನು ಅವಳ ಅಂಗೈಯಲ್ಲಿಟ್ಟೆ. ನಾದಿನಿ ಕಿರುಚಿದಳು, ನೀವು ಮನುಷ್ಯರಾ, ಇನ್ನೊಂದರ್ಧ ಕೊಡಿ ಎಂದು ಟಿನ್ನಿಗೆ ಕೈ ಹಾಕಲು ಬಂದಳು. ಇವಳು ತಂಗಿಯ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಸುಮ್ನಿರು ಪುಟ್ಟಿ. ಜೋರಾಗಿ ಮಾತಾಡಿದ್ರೆ ಕೊಡಲ್ಲ."

ಮಾತ್ರೆ ಈ ಮನೆಯಿಂದ ಹೊರಗೆ ಹೋಗುವುದಿಲ್ಲ, ಬೇಕಾದವರು ಇಲ್ಲೇ ಇರಬೇಕು ಎಂದು ಹೇಳಿದೆ. ಇವಳು ತಲೆಯಾಡಿಸಿ ಒಳಗೆ ಬಂದಳು. ನಾದಿನಿ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತು, ಸೋಮವಾರ ಡಾಕ್ಟರ ಹತ್ತಿರ ಎಲ್ಲ ಹೇಳುತ್ತೇನೆಂದು ಹೆದರಿಸಿ ಹೋದಳು. ಹೇಳಲಿ. ಸೋಮವಾರಕ್ಕೆ ಇನ್ನೂ ಟೈಮ್ ಇದೆ.

ಈಗ ಮಧ್ಯಾಹ್ನ. ಒಗೆದ ಹೊದಿಕೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಆಗಲೇ ಎರಡು ಸಲ ಗಡಿಯಾರ ನೋಡಿದಳು, ಬಾಯಿ ಬಿಡಲಿಲ್ಲ. ಎಷ್ಟು ಬೇಗ ಸುಧಾರಿಸಿಕೊಂಡಳು. ಇವತ್ತಿಗೆ ಫ್ಯಾಕ್ಟರಿಗೆ ರಜೆ ಹೇಳಿದ್ದೇನೆ, ಇಡೀ ದಿನ ಅವಳ ಪಕ್ಕದಲ್ಲೇ ಕೂತಿರುತ್ತೇನೆ.